ಮುಂಬೈಯಲ್ಲಿ ತುಂಬಿದ ಉಡಿ

ಐವತ್ತು ತುಂಬುವ ದಿನ ನನಗೆ ಬೇಕಾಗಿದ್ದು ನಿದ್ದೆ ಒಂದೇ. ಇಂಡಿ ಊರಿನ ನನ್ನ ಮನೆಯಲ್ಲಿ ಕಿಟಕಿ ಹಾಕಿಕೊಂಡು, ಫೋನು ಬಂದ್ ಮಾಡಿ, ಹೊತ್ತು ನೆತ್ತಿಗೆ ಬರುವ ತನಕ ಮಲಗಬೇಕು ಅಂತ ತಿಂಗಳ ಮೊದಲೇ ಆಸೆ ಇಟ್ಟುಕೊಂಡಿದ್ದೆ. ಆದರೆ ಆ ಹುಟ್ಟುಹಬ್ಬಕ್ಕೆ ನಾನು ಮುಂಬೈಗೆ ಹೋದೆ, ಅದೂ ವಿಮಾನದಲ್ಲಿ. ವಿಮಾನದ ಹೆಸರು ಕೇಳಿದರೆ ಮೈ ಭಾರವಾಗುವ ನಾನು ನನ್ನ ಕೈಯಾರೆ ಟಿಕೆಟ್ ತೆಗೆದೆ.

ನನ್ನ ಕೆಲಸ ಅಂಥದು. ಲಿಂಬೆ, ದ್ರಾಕ್ಷಿ, ದಾಳಿಂಬೆ ಕೊಂಡು ದೂರದ ಪೇಟೆಗಳಿಗೆ ಕಳಿಸುವ ವ್ಯಾಪಾರಸ್ಥರ ಹತ್ತಿರ ಮಾಲು ನೋಡುವವಳು ನಾನು. ಇಂಡಿ, ಸಿಂದಗಿ ಕಡೆಯ ತೋಟಗಳಲ್ಲಿ ನಿಂತು ಹಣ್ಣು ಆರಿಸುವುದು ಈ ಕೆಲಸದ ಸುಖದ ಭಾಗ. ಯಂಕಂಚಿಯಲ್ಲಿ ನನ್ನ ಕಣ್ಣೆದುರೇ ಚೊಕ್ಕವಾಗಿ ತುಂಬಿದ ಲಾರಿ ದಿಲ್ಲಿಯಲ್ಲೋ ಕೋಲ್ಕತ್ತದಲ್ಲೋ ಇಳಿಯುವ ಹೊತ್ತಿಗೆ ‘ಮಾಲು ಕೊಳೆತಿದೆ’ ಅಂತ ಅಲ್ಲಿಯ ದಲಾಲರು ತಕರಾರು ತೆಗೆಯುತ್ತಾರೆ. ಆಗ ಸುಖ ಮುಗಿಯಿತು. ಮರುದಿನವೇ ಹಾರಿ ಹೋಗಿ, ಅದರಲ್ಲಿ ಕೊಳೆತದ್ದು ಎಷ್ಟು, ನಾಟಕ ಎಷ್ಟು ಅಂತ ನೋಡಿ, ಹಿಂದಿಯಲ್ಲಿ ಜಗಳವಾಡಿ, ಸಂಜೆ ಮತ್ತೆ ವಿಮಾನ ಹತ್ತಬೇಕು. ಯಾವ ನಿಲ್ದಾಣದಲ್ಲಿ ಯಾವ ಸಾಲು ಬೇಗ ಸರಿಯುತ್ತದೆ, ಎಲ್ಲಿಯ ಕುರ್ಚಿಗಳ ಮೇಲೆ ಅಡ್ಡಾಗಬಹುದು, ಎಲ್ಲಿಯ ಚಹಾ ಬಾಯಿಗಿಡಲು ಬರುವುದಿಲ್ಲ, ಎಲ್ಲ ನನಗೆ ಬಾಯಿಪಾಠ. ಊರಲ್ಲಿ ಹೆಂಗಸರು, “ನಿಂದೇನವ್ವಾ, ಗಾಳ್ಯಾಗ ಅಡ್ಡಾಡಾಕಿ” ಅಂತ ಹೊಟ್ಟೆ ಉರಿದುಕೊಳ್ಳುತ್ತಾರೆ. ಆ ಗಾಳಿಯಲ್ಲಿ ಕಾಲು ಮಡಚಿಕೊಂಡು ಕೂತು ಮಂಡಿ ಹಿಡಿದಿರುವುದು ಅವರಿಗೆ ಹೇಗೆ ಗೊತ್ತಾಗಬೇಕು?

ಹೀಗೆ ಹಾರಿ ಹಾರಿ ನನ್ನ ಹೆಸರಿನಲ್ಲಿ ಬಿಟ್ಟಿ ಟಿಕೆಟ್ ಸಿಗುವ ಒಂದಷ್ಟು ಪಾಯಿಂಟುಗಳು ಕೂಡಿದ್ದವು. ಹುಟ್ಟುಹಬ್ಬದ ತಿಂಗಳಲ್ಲಿ ಬಳಸದಿದ್ದರೆ ಅವು ಸತ್ತುಹೋಗುತ್ತವೆ ಅಂತ ಫೋನಿಗೆ ಮೇಲಿಂದ ಮೇಲೆ ಸಂದೇಶ ಬರತೊಡಗಿತು. ಮುದ್ದೇಬಿಹಾಳದ ಅಕ್ಕನ ಜೊತೆ ಮಾತಾಡುವಾಗ ಇದನ್ನು ನಗೆಯಾಡಿ ಹೇಳಿದೆ. ಅಕ್ಕ ನಗಲಿಲ್ಲ.

“ಇಬ್ಬರಿಗೂ ಬರ್ತಾವೇನು ಆ ಟಿಕೇಟು?” ಅಂದಳು.

“ಬರ್ತಾವು. ಯಾಕ?”

“ಮುಂಬೈಗೆ ಹೋಗೂಣು. ಕಾಕುನ್ನ ನೋಡಿ ಬರೂಣು.”

ಕಾಕು ಅಂದರೆ ಇಂಡಿಯಲ್ಲಿ ನಮ್ಮ ಬಾಜು ಮನೆಯಲ್ಲಿದ್ದವರು. ಅವ್ವ ಹೊಲಕ್ಕೆ ಹೋದಾಗ ನಮ್ಮಿಬ್ಬರ ತಲೆ ಬಾಚಿ ಹೆರಳು ಹಾಕುತ್ತಿದ್ದವರು ಅವರೇ. ಅಕ್ಕನ ಮದುವೆಯಾದ ಕೆಲ ದಿನಕ್ಕೆ ಅವರು ಮನೆ ಮಾರಿಕೊಂಡು ಮುಂಬೈ ಸೇರಿದರು. ಆಮೇಲೆ ನಮ್ಮ ಸುದ್ದಿ ಅವರಿಗಿಲ್ಲ, ಅವರ ಸುದ್ದಿ ನಮಗಿಲ್ಲ. ಹೋದ ವರ್ಷ ಒಂದು ನಿಲ್ದಾಣದ ಸಾಲಿನಲ್ಲಿ ಅವರ ಮಗ ನನ್ನ ಕನ್ನಡ ಕೇಳಿ ಗುರುತು ಹಿಡಿದು ವಿಳಾಸ ಕೊಟ್ಟಿದ್ದ. ಅದನ್ನು ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು ಅನಿಸಿತು. ನನ್ನ ನಿದ್ದೆಗೆ ಅಲ್ಲಿಗೆ ಮಣ್ಣು ಬಿತ್ತು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಗನಿಗೆ ಕಿರಾಣಿ ಅಂಗಡಿ ಇದೆ, ಸೊಸೆ ಒಳ್ಳೆಯವಳು, ಉಣ್ಣಲು ಉಡಲು ಕೊರತೆ ಇಲ್ಲ. ಈಗ ನಮ್ಮ ಕಡೆ ಗಂಡ ತೀರಿದವರೂ ಬಣ್ಣದ ಸೀರೆ ಉಡುತ್ತಾರೆ, ಹಣೆಗೆ ಸಣ್ಣ ಟಿಕಳಿ ಹಚ್ಚುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಉಡಿ ಮಾತ್ರ ತುಂಬುವುದಿಲ್ಲ, ಸೆರಗಿಗೆ ಅಕ್ಕಿ ಕೊಬ್ಬರಿ ಹಾಕುವ ಆ ಮರ್ಯಾದೆ ಮುತ್ತೈದೆಯರಿಗಷ್ಟೇ. ಸಿಂದಗಿಯಲ್ಲಿ ನಮ್ಮ ಸೋದರಮಾವನ ಮೊಮ್ಮಗಳ ಮದುವೆಯಾದಾಗ ಕಣ್ಣಾರೆ ನೋಡಿದ್ದೇನೆ. ಮುತ್ತೈದೆಯರನ್ನು ಸಾಲಾಗಿ ಕೂಡಿಸಿ ಉಡಿ ತುಂಬಲು ಶುರುಮಾಡಿದರೆ ಸಾಕು, ಯಾರೂ ಏಳು ಅನ್ನುವ ಮೊದಲೇ ಅಕ್ಕ ಎದ್ದು, “ನೀರು ಖಾಲಿ ಆಗ್ಯಾವೇನ್ ನೋಡ್ತೇನಿ” ಅಂತ ಕೊಡ ಹಿಡಿದು ಹಿತ್ತಲಿಗೆ ಹೋಗುತ್ತಾಳೆ. ಎಲ್ಲರ ಉಡಿ ತುಂಬಿ ಮುಗಿಯುವ ತನಕ ಅವಳ ಕೊಡ ತುಂಬುವುದಿಲ್ಲ. ನಾನು ಮದುವೆಯಾಗದವಳು, ನನ್ನನ್ನೂ ಆ ಸಾಲಿಗೆ ಯಾರೂ ಕರೆಯುವುದಿಲ್ಲ. ಆದರೆ ನನಗೆ ಅದು ಎಂದೂ ಇರಲಿಲ್ಲ. ಇದ್ದದ್ದು ಹೋಗುವುದು ಬೇರೆ.

ಹೊರಡುವ ದಿನ ಅಕ್ಕ ಬಸ್ಸಿನಲ್ಲಿ ಬಸವನ ಬಾಗೇವಾಡಿಗೆ ಬಂದು ನಿಂತಿದ್ದಳು. ನಾನು ಇಂಡಿಯಿಂದ ಬಾಡಿಗೆ ಕಾರಿನಲ್ಲಿ ಬಂದು ಅವಳನ್ನು ಹತ್ತಿಸಿಕೊಂಡೆ. ಅವಳ ಕೈಯಲ್ಲಿ ಒಂದೇ ಚೀಲ. ಅದರಲ್ಲಿ ಕಾಕುಗೆ ಅಂತ ಸಜ್ಜಿ ರೊಟ್ಟಿ, ಶೇಂಗಾದ ಹೋಳಿಗೆ. ಕೊಲ್ಹಾರದ ಸೇತುವೆ ದಾಟುವಾಗ ಎರಡೂ ಕಡೆ ತುಂಬಿ ನಿಂತ ಹೊಳೆಗೆ ಕೈಮುಗಿದು, “ವಿಮಾನದಾಗ ಕೈ ಮುಗಿಯಾಕ ಏನರ ಬರ್ತೈತೇನು?” ಅಂತ ಕೇಳಿದಳು. ಅಲ್ಲಿ ಮೋಡ ಬಿಟ್ಟು ಏನೂ ಇರುವುದಿಲ್ಲ ಅಂದೆ. ಹುಬ್ಬಳ್ಳಿಯಲ್ಲಿ ಮೊದಲ ಸಲ ವಿಮಾನ ಹತ್ತಿದವಳು ಹೆದರುತ್ತಾಳೆ, ಕೈ ಹಿಡಿಯಬೇಕಾಗುತ್ತದೆ ಅಂತ ನಾನು ತಯಾರಾಗಿದ್ದೆ. ಅಕ್ಕ ಸೀಟಿನ ಪಟ್ಟಿ ಕಟ್ಟಿಕೊಂಡವಳೇ ಬಾಯಿ ತೆರೆದು ನಿದ್ದೆ ಹೋದಳು. ನಿದ್ದೆಗಾಗಿ ಜೀವ ಬಿಡುತ್ತಿದ್ದ ನಾನು ಅವಳ ಗೊರಕೆ ಕೇಳುತ್ತ ಮುಂಬೈ ತನಕ ಎಚ್ಚರವಿದ್ದೆ.

ಮರುದಿನ ನನ್ನ ಹುಟ್ಟುಹಬ್ಬ. ಬೆಳಿಗ್ಗೆ ಲಾಜಿನ ಬಚ್ಚಲಲ್ಲಿ ಅಕ್ಕ ನನ್ನ ನೆತ್ತಿಗೆ ಎಣ್ಣೆ ಒತ್ತಿದಳು. ನನಗೆ ಬೇಡವೆಂದರೂ ಬಿಡಲಿಲ್ಲ. ಜಿಡ್ಡುಜಿಡ್ಡು ತಲೆಯಲ್ಲೇ ಲೋಕಲ್ ರೈಲು ಹತ್ತಿ, ಮೂರನೇ ಮಹಡಿಗೆ ಕಾಲೆಳೆಯುತ್ತ ಏರಿ, ಕಾಕುವಿನ ಬಾಗಿಲು ತಟ್ಟಿದೆವು.

ಕಾಕು ಮುದುಕಿಯಾಗಿದ್ದರು. ಬಲಗಣ್ಣಿನ ಪೊರೆ ತೆಗೆಸಿದ್ದರು, ಎಡಗಣ್ಣಿನದು ಬಾಕಿ. ಮೂಲೆಯ ಕುರ್ಚಿಯಲ್ಲಿ ಅವರ ಯಜಮಾನರು ಟೀವಿಗೆ ಕಣ್ಣು ನೆಟ್ಟು ಕೂತಿದ್ದರು, ಕಿವಿ ಕೇಳುತ್ತಿರಲಿಲ್ಲ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ನಮ್ಮ ಗುರುತು ಸಿಕ್ಕಿದ್ದೇ ಕಾಕು ಇಬ್ಬರ ಗಲ್ಲ ಹಿಡಿದುಕೊಂಡು ಅತ್ತುಬಿಟ್ಟರು. ಆಮೇಲೆ ಎಷ್ಟೋ ವರ್ಷದ ಕನ್ನಡ ಒಮ್ಮೆಲೇ ಕಟ್ಟೆ ಒಡೆಯಿತು. ಇಂಡಿಯ ಸಂತೆ ಈಗಲೂ ಅಲ್ಲೇ ಕೂಡುತ್ತದೋ, ಸಾಲೋಟಗಿಯಲ್ಲಿ ಅವರ ತವರಿನವರು ಯಾರು ಉಳಿದಿದ್ದಾರೆ, ನಮ್ಮ ಬಾಜು ಗೋಡೆಯ ಬೇವಿನ ಗಿಡ ಏನಾಯಿತು. ಕೇಳುವುದು ಅವರೇ, ಉತ್ತರ ಹೇಳಿಕೊಳ್ಳುವುದೂ ಅವರೇ. ನಡುವೆ ನನ್ನ ಮದುವೆಯ ಮಾತು ಕೇಳಿ, ಆಗಿಲ್ಲ ಅಂದಾಗ, “ಶ್ಯಾಣ್ಯಾಕಿ ಅದಿ ಬಿಡು” ಅಂದರು. ಅಕ್ಕನ ಕಡೆ ತಿರುಗಿ, “ನಿಮ್ಮ ಯಜಮಾನ್ರನ್ನೂ ಕರಕೊಂಡು ಬರಬೇಕಿತ್ತವಾ. ಮದುವ್ಯಾಗ ನೋಡಿದ್ದು, ಭಾಳ ನಾಚಗೊಳ್ಳೂ ಹುಡುಗ” ಅಂದರು. ಅಕ್ಕ ಸುಮ್ಮನೆ ನಕ್ಕಳು. ಅವರು ಆಗಲೇ ಬೇರೆ ಮಾತಿಗೆ ಹಾರಿದ್ದರು.

ಊಟವಾಯಿತು. ಹೊರಡಲು ಎದ್ದಾಗ ಕಾಕು ಒಳಗೆ ಹೋಗಿ ಒಂದು ತಾಟು ಹಿಡಿದುಕೊಂಡು ಬಂದರು. ಹುಟ್ಟಿದ ದಿನ ಅಂತ ಅಕ್ಕ ಹೇಳಿದ್ದರಿಂದ ನನ್ನ ಬಾಯಿಗೆ ಸಕ್ಕರೆ ಹಾಕಿ ಹಣೆಗೆ ಕುಂಕುಮ ಹಚ್ಚಿದರು. ಆಮೇಲೆ ಅಕ್ಕನನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು.

“ಸೆರಗು ಒಡ್ಡವಾ. ಇಂಡಿ ಮಗಳು ನೀ, ಬರೇ ಉಡೀಲೆ ಕಳಸಿದ್ರ ನಿಮ್ಮವ್ವ ಮ್ಯಾಲಿಂದ ನನಗ ಬೈತಾಳ.”

ತಾಟಿನಲ್ಲಿ ಅಕ್ಕಿ, ಒಣ ಕೊಬ್ಬರಿಯ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆ, ಕುಪ್ಪಸದ ಒಂದು ಹಸಿರು ಖಣ. ಎಡಗಣ್ಣಿನ ಪೊರೆಯ ಮುದುಕಿ ಅಕ್ಕನ ಕೊರಳ ಚಿನ್ನದ ಎಳೆಯನ್ನು ತಾಳಿ ಅಂದುಕೊಂಡಿದ್ದರು. ಹೇಳಿಬಿಡಬೇಕು, ಕಾಕು ನೊಂದುಕೊಂಡರೂ ಚಿಂತೆಯಿಲ್ಲ ಅಂತ ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಎರಡೂ ಕೈಯಿಂದ ಸೆರಗು ಹಿಡಿದು ಒಡ್ಡಿದಳು. ಕಾಕು ಬೊಗಸೆ ಬೊಗಸೆ ಅಕ್ಕಿ ಹಾಕಿ, ಕೊಬ್ಬರಿ ಇಟ್ಟು, ಮೇಲೆ ಖಣ ಮುಚ್ಚಿ, ಕುಂಕುಮ ಹಚ್ಚಿದರು. ಅಕ್ಕ ಸೆರಗು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಕಾಲು ಮುಟ್ಟಿದಳು.

ಮೆಟ್ಟಿಲಿಳಿದು ರಸ್ತೆಗೆ ಬಂದೆವು. ತುಂಬಿದ ಉಡಿಯನ್ನು ದಾರಿಯಲ್ಲಿ ಬಿಚ್ಚುವುದಿಲ್ಲ, ಮನೆಗೆ ಒಯ್ದು ದೇವರ ಮುಂದೆ ಬಿಚ್ಚಬೇಕು, ಆ ಅಕ್ಕಿ ಪಾಯಸವಾಗಿ ಮನೆಯ ಒಲೆಯ ಮೇಲೆಯೇ ಬೇಯಬೇಕು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ವಿಮಾನದಲ್ಲಿ ಒಣಕೊಬ್ಬರಿ ಒಯ್ಯಲು ಬಿಡುವುದಿಲ್ಲ ಅನ್ನುವುದು ನನಗೆ ಗೊತ್ತು. ಬೇಗ ಬೆಂಕಿ ಹತ್ತುವ ಮಾಲು ಅದು, ಕೈಚೀಲದಲ್ಲೂ ಇಲ್ಲ, ಕೆಳಗೆ ಹಾಕುವ ಸಾಮಾನಿನಲ್ಲೂ ಇಲ್ಲ. ಆ ರಾತ್ರಿ ಅಕ್ಕ ಉಟ್ಟ ಸೀರೆಯಲ್ಲೇ, ಗಂಟು ಬಿಚ್ಚದೆ ಮಲಗಿದಳು. ಮರುದಿನ ಬೆಳಿಗ್ಗೆ ಲಾಜಿನಿಂದ ಹೊರಡುವಾಗ ಹೇಳಿದೆ.

“ಅಕ್ಕಾ, ಕೊಬ್ಬರಿ ಬಟ್ಟಲ ಅಷ್ಟ ತಗದು ಇಲ್ಲೇ ಕಸಾ ಹೊಡ್ಯಾಕ ಬರೂ ಹೆಣ್ಣಮಗಳಿಗೆ ಕೊಡು. ವಿಮಾನದಾಗ ನಡ್ಯಂಗಿಲ್ಲ.”

“ಹೂಂ” ಅಂದಳು.

ಆ ಹೂಂ ಅನ್ನು ನಾನು ನಂಬಬಾರದಿತ್ತು. ದಲಾಲರ ಮಾತನ್ನೇ ನಂಬದವಳು ಅಕ್ಕನದನ್ನು ನಂಬಿದೆ.

ನಿಲ್ದಾಣದಲ್ಲಿ ನಾನು ಕಣ್ಣು ಮುಚ್ಚಿಕೊಂಡೇ ಎಲ್ಲ ಮುಗಿಸುತ್ತೇನೆ. ಗಡಿಯಾರ ತೆಗಿ, ಫೋನು ಇಡು, ಕೈ ಅಗಲಿಸು, ಮುಗಿಯಿತು. ಆಚೆ ನಿಂತು ಅಕ್ಕನಿಗಾಗಿ ಕಾಯುತ್ತಿದ್ದೆ. ಹೆಂಗಸರನ್ನು ತಪಾಸಣೆ ಮಾಡುವ ಪರದೆಯ ಹಿಂದಿನಿಂದ ಅವಳು ಹೊರಗೆ ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಖಾಕಿಯ ಹೆಂಗಸು ತಲೆ ಹೊರಗೆ ಹಾಕಿ, ಇವರ ಜೊತೆ ಯಾರಿದ್ದೀರಿ ಅಂತ ಕೇಳಿದಳು.

ಒಳಗೆ ಅಕ್ಕ ಸೊಂಟದ ಗಂಟನ್ನು ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿದ್ದಳು. ಹೆಂಗಸು ಮರಾಠಿಯವಳು. ಉಡಿಯನ್ನು ಅವರು ಓಟಿ ಅನ್ನುತ್ತಾರೆ, ಅಕ್ಕ ಆ ಶಬ್ದ ಹೇಳಿದ್ದಳಂತೆ. “ಓಟಿ ಅಂತ ಗೊತ್ತಾದ ಮೇಲೆ ನನ್ನ ಕೈಯಿಂದ ಬಿಚ್ಚುವುದು ನನಗಾಗುವುದಿಲ್ಲ” ಅಂತ ಆಕೆ ಮರಾಠಿಯಲ್ಲಿ ನನಗೆ ಹೇಳಿದಳು. “ಆದರೆ ಕೊಬ್ಬರಿ ಇಟ್ಟುಕೊಂಡು ಒಳಗೆ ಬಿಡಲಿಕ್ಕೂ ಬರುವುದಿಲ್ಲ. ಅವರೇ ತೆಗೆದು ಕೊಡಲಿ.” ಅವಳದು ನ್ಯಾಯವಾದ ಮಾತು. ಹಿಂದೆ ಸಾಲು ಬೆಳೆಯುತ್ತಿತ್ತು.

“ಮುಂಜಾನೆ ಹೇಳಿದ್ದೆನೊ ಇಲ್ಲೊ?” ಅಂದೆ.

“ಹೇಳಿದ್ದಿ.”

“ಹೂಂ ಅಂದಿದ್ದಿ!”

“ಅಂದಿದ್ದೆ.”

“ತಗದು ಕೊಡು ಈಗ. ಅಕ್ಕಿ, ಅರಿಷಿಣ ಎಲ್ಲಾ ಇರಲಿ. ಕೊಬ್ಬರಿ ಒಂದು ಕೊಡು, ಹೋಗೂಣು.”

“ದಾರ್ಯಾಗ ಬಿಚ್ಚಂಗಿಲ್ಲವ್ವಾ ಉಡಿ.”

ಎರಡು ದಿನದ ನಿದ್ದೆಗೇಡು, ಎಣ್ಣೆಯ ಜಿಡ್ಡು, ಮರುದಿನ ಬೆಳಿಗ್ಗೆ ನನಗಾಗಿ ದಿಲ್ಲಿಯಲ್ಲಿ ಕಾಯುತ್ತಿದ್ದ ತಕರಾರಿನ ಲಾರಿ, ಎಲ್ಲ ಒಟ್ಟಿಗೆ ನೆತ್ತಿಗೇರಿತು. ಅಕ್ಕನಿಗೆ ಅಂದೇಬಿಟ್ಟೆ.

“ಯಾವ ಉಡಿ ಅಕ್ಕಾ? ಕಾಕು ಗೊತ್ತಿಲ್ಲದ ತುಂಬ್ಯಾಳ. ಗೊತ್ತಿದ್ರ ನಿನಗ ತುಂಬತಿದ್ಲೇನು? ಅದು ನಿಂದ ಅಲ್ಲ.”

ಖಾಕಿಯ ಹೆಂಗಸಿಗೆ ಕನ್ನಡ ತಿಳಿಯದು, ಆದರೂ ಅವಳು ಮುಖ ತಿರುಗಿಸಿಕೊಂಡಳು. ಅಕ್ಕ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಗಂಟಿನ ಮೇಲಿನ ಕೈ ಮಾತ್ರ ಸಡಿಲಾಗಲಿಲ್ಲ.

“ನೀ ಹೋಗು. ನಿನಗ ಕೆಲಸ ಐತಿ. ನನಗ ಯಾವುದರ ರೈಲು ಹತ್ಸು, ನಾ ಹೋಗ್ತೇನಿ” ಅಂದಳು.

ಹತ್ತಿಸಿ ಹೋಗುವುದು ಎಲ್ಲಿಂದ? ತಪಾಸಣೆ ತನಕ ಬಂದವರು ಹಿಂದಕ್ಕೆ ಹೋಗುವುದು ಮುಂದೆ ಹೋಗುವುದಕ್ಕಿಂತ ಕಷ್ಟ. ವಿಮಾನದವರ ಹುಡುಗಿಯನ್ನು ಕರೆಸಬೇಕು, ಚೀಟಿ ರದ್ದು ಮಾಡಿಸಬೇಕು, ಕಾವಲಿನವನು ಜೊತೆಗೆ ಬಂದು ಹೊರಗೆ ಬಿಡಬೇಕು. ಇಷ್ಟು ವರ್ಷದಲ್ಲಿ ನಾನು ವಿಮಾನ ತಪ್ಪಿಸಿಕೊಂಡಿದ್ದಿಲ್ಲ, ಬಿಟ್ಟು ಬಂದದ್ದಂತೂ ಇಲ್ಲವೇ ಇಲ್ಲ. ಆ ಹುಡುಗಿ, ಯಾಕೆ ಹೋಗುತ್ತಿಲ್ಲ ಮೇಡಂ, ಆರೋಗ್ಯ ಸರಿಯಿಲ್ಲವೇ ಅಂತ ಕೇಳಿದಳು. ಹೌದು ಅಂದೆ. ಕೊಬ್ಬರಿಯ ಸಲುವಾಗಿ ಅಂತ ಯಾವ ಬಾಯಿಂದ ಹೇಳಲಿ?

ನನ್ನ ಸಿಟ್ಟು ಇಳಿದಿರಲಿಲ್ಲ. ಟ್ಯಾಕ್ಸಿಯಲ್ಲಿ ಅಕ್ಕನ ಕಡೆ ಬೆನ್ನು ಮಾಡಿ ಕೂತಿದ್ದೆ. ಆದರೆ ಅವಳನ್ನು ಒಬ್ಬಳನ್ನೇ ಕಳಿಸುವ ಮಾತು ನನ್ನ ಬಾಯಿಗೆ ಬರಲಿಲ್ಲ. ದಿಲ್ಲಿಗೆ ಫೋನು ಮಾಡಿ, ನಾಳೆ ಬರುವುದಿಲ್ಲ, ಲಾರಿ ನಿಲ್ಲಲಿ ಅಂದೆ. ಆ ಕಡೆಯಿಂದ ಕೂಗಾಟ ಕೇಳಿಸಿತು. ನಾನು ಫೋನು ಇಟ್ಟೆ.

ಸಂಜೆಯ ರೈಲಿಗೆ ನಮಗೆ ಸಿಕ್ಕಿದ್ದು ಜನರಲ್ ಡಬ್ಬಿ. ಪುಣೆ ತನಕ ನಿಂತೇ ಬಂದೆವು. ಆಮೇಲೆ ಯಾರೋ ಪುಣ್ಯಾತ್ಮರು ಸರಿದು ಅಕ್ಕನಿಗೆ ಜಾಗ ಕೊಟ್ಟರು, ನಾನು ಅವಳ ಕಾಲ ಬಳಿ ಚೀಲದ ಮೇಲೆ ಕೂತೆ. ಆ ರಾತ್ರಿಯ ಸುದ್ದಿ ಬೇಡ. ಬೆಳಗಾದಾಗ ಸೊಲ್ಲಾಪುರ ದಾಟಿತ್ತು. ಅಕ್ಕನ ಸೆರಗಿನ ಗಂಟು ಕಟ್ಟಿದ ಹಾಗೆಯೇ ಇತ್ತು. ರಾತ್ರಿಯಿಡೀ ಅವಳು ಬಚ್ಚಲಿಗೂ ಎದ್ದಿರಲಿಲ್ಲ ಅಂತ ಕಾಣುತ್ತದೆ.

ಇಂಡಿ ನಿಲ್ದಾಣ ಬಂತು. “ಇಳದು ಮನಿಗೆ ಹೋಗು. ನಿನ್ನ ಮಾರಿ ನೋಡಾಕ ಆಗವಲ್ದು” ಅಂದಳು ಅಕ್ಕ. ನನ್ನ ಹಾಸಿಗೆ ಅಲ್ಲಿಂದ ಆಟೋದ ದಾರಿ. ಏಳಲು ಕೈ ಊರಿದೆ ಕೂಡ. ಮತ್ತೆ ಕೂತುಬಿಟ್ಟೆ. ನಾನು ಆಡಿದ ಮಾತನ್ನು ಹಾಗೇ ಬಿಟ್ಟು ಇಳಿದರೆ ಆ ಹಾಸಿಗೆಯಲ್ಲೂ ನಿದ್ದೆ ಬರುತ್ತಿರಲಿಲ್ಲ. ಬಸವನ ಬಾಗೇವಾಡಿ ರೋಡ್ ನಿಲ್ದಾಣದಲ್ಲಿ ಇಬ್ಬರೂ ಇಳಿದು, ಟಂಟಂ ಆಟೋ ಹಿಡಿದು ಬಾಗೇವಾಡಿಗೆ ಬಂದು, ಅಲ್ಲಿಂದ ಮುದ್ದೇಬಿಹಾಳದ ಬಸ್ಸು ಹತ್ತಿದೆವು.

ಅಕ್ಕನ ಓಣಿಯ ತಿರುವಿಗೆ ಬಂದಾಗ ಅವಳ ನಡಿಗೆ ನಿಧಾನವಾಯಿತು. ಒಂದು ಕಟ್ಟೆಯ ಹತ್ತಿರ ನಿಂತೇಬಿಟ್ಟಳು.

“ಸೊಸಿ ಏನಂತಾಳೊ” ಅಂದಳು.

ಆಗ ನನಗೆ ಅವಳ ಭಯ ಅರ್ಥವಾಯಿತು. ಮುಂಬೈ ದೊಡ್ಡ ಊರು, ಅಲ್ಲಿ ಯಾರು ಯಾರಿಗೆ ಏನು ತುಂಬಿದರೂ ಕೇಳುವವರಿಲ್ಲ. ಇದು ಅವಳ ಓಣಿ. ಸೊಸೆ ಮೂಗು ಮುರಿದರೆ, ಮಗ ಒಂದು ಮಾತು ಅಂದರೆ, ಅದೇ ಮನೆಯಲ್ಲಿ ಅವಳು ನಾಳೆಯೂ ಇರಬೇಕು, ನಾಡಿದ್ದೂ ಇರಬೇಕು.

“ನನ್ನ ಚೀಲದಾಗ ಹಾಕು ಅಕ್ಕಾ. ಯಾರಿಗೂ ಗೊತ್ತಾಗಂಗಿಲ್ಲ. ಕಾಕು ಹಂಗ ಅಕ್ಕಿ ಕೊಟ್ರು ಅಂದ್ರಾತು” ಅಂದೆ.

ಚೀಲದ ಬಾಯಿ ನಾನು ತೆರೆದು ಹಿಡಿದಿದ್ದೆ. ಅಕ್ಕ ಸೆರಗು ಸರಿಮಾಡಿಕೊಂಡು, ಗಂಟನ್ನು ಹೊರಗೆ ಕಾಣುವ ಹಾಗೆಯೇ ಬಿಟ್ಟು, ಮುಂದೆ ನಡೆದಳು.

ಸೊಸೆ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟಳು. ವಿಮಾನದಲ್ಲಿ ಬರಬೇಕಾದವರು ಧೂಳು ಹೊತ್ತುಕೊಂಡು ಬಂದದ್ದು ಯಾಕೆ ಅಂತ ಕೇಳುವುದರಲ್ಲಿದ್ದಳು, ಕಣ್ಣು ಅತ್ತೆಯ ಸೊಂಟದ ಮೇಲೆ ಬಿತ್ತು.

“ಅತ್ತೀ, ಉಡಿ ಯಾರು ತುಂಬಿದ್ರಿ?”

“ಇಂಡಿ ಕಾಕು.”

“ಅವ್ರಿಗೆ…” ಅಂತ ಸೊಸೆ ತಡೆದಳು. “ಅವ್ರಿಗೆ ಮಾವಾರ ಸುದ್ದಿ ಗೊತ್ತಿದ್ದಿಲ್ಲೇನ್ರಿ?”

ಗೊತ್ತಿತ್ತು ಅಂದುಬಿಡು ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಂಥ ಸಣ್ಣ ಸುಳ್ಳನ್ನು ನಾನು ದಿನಕ್ಕೆ ಎಷ್ಟೋ ಆಡುತ್ತೇನೆ.

“ಗೊತ್ತಿದ್ದಿಲ್ಲ” ಅಂದಳು ಅಕ್ಕ. “ಆಕಿ ತಿಳೀಲಾರದ ತುಂಬಿದ್ಲು. ನಾ ತಿಳಿದ ಒಡ್ಡಿದೆ.”

ಸೊಸೆ ತಂಬಿಗೆ ಹಿಡಿದುಕೊಂಡು ನಿಂತೇ ಇದ್ದಳು. ಎದುರು ಮನೆಯ ಕಟ್ಟೆಯಿಂದ ಯಾರೋ, “ಬಂದ್ರೇನ್ರಿ ಮುಂಬೈದಿಂದ?” ಅಂತ ಕೂಗಿದರು. ಸೊಸೆ ತಂಬಿಗೆ ಕೆಳಗಿಟ್ಟಳು.

“ಒಳಗ ಬರ್ರಿ ಅತ್ತಿ” ಅಂದಳು ಸೊಸೆ. “ದೇವರ ಮುಂದ ಬಿಚ್ಚರಿ. ಅಕ್ಕಿ ಎಷ್ಟ ಅದಾವ ನೋಡ್ತೇನಿ, ಪಾಯಸ ಎಲ್ಲಾರಿಗೂ ಸಾಲಬೇಕಲ್ರಿ.”

ಹೇಳಿ ಅವಳು ಅಡುಗೆಮನೆಗೆ ಹೋದಳು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತು, ಸದ್ದಿಲ್ಲದೆ ಅಳತೊಡಗಿದಳು. ಭಾವ ಸತ್ತ ದಿನ ಬಿಟ್ಟರೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.